ನೀರು ನೋಡುವ ಕೆಲಸ

ನನ್ನ ಗಂಡ ನಲ್ಲಿಗಳಿಗೆ ನಿಕ್ಕಲ್ ಲೇಪ ಹಾಕುವ ಕಾರ್ಖಾನೆಯಲ್ಲಿದ್ದರು. ನೀರು ನೋಡುವುದು ಅವರ ಕೆಲಸ. ತೊಳೆದ ಹಿತ್ತಾಳೆ ನಲ್ಲಿಯನ್ನು ನೀರಿನಲ್ಲಿ ಅದ್ದಿ ಎತ್ತಿ ಹಿಡಿಯುವರು. ನೀರು ಒಂದೇ ಹಾಳೆಯಂತೆ ಹರಡಿಕೊಂಡರೆ ಲೋಹ ಶುದ್ಧ. ಹನಿಹನಿಯಾಗಿ ಒಡೆದರೆ ಜಿಡ್ಡಿದೆ ಎಂದರ್ಥ, ಮತ್ತೆ ತೊಳೆಯಬೇಕು. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದುದಕ್ಕೆ ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು.

"ಏನ್ ಡಾಕ್ಟ್ರೇ, ನಾಡಿ ಸಿಕ್ತಾ?"

"ಇದರದ್ದು ಸಿಕ್ತು. ನಿಂದೇ ಅನುಮಾನ."

ನಾನು ಅವರ ಪಕ್ಕದಲ್ಲೇ, ಅವರು ನೋಡಿದ ನಲ್ಲಿಗಳನ್ನು ನಿಕ್ಕಲ್ ತೊಟ್ಟಿಗೆ ಇಳಿಸಲು ತಂತಿಗೆ ಸಿಕ್ಕಿಸುತ್ತಿದ್ದೆ. ಓದಿದವಳಲ್ಲ. ಅವರೇ ಹೇಳಿಕೊಟ್ಟರು.

"ನೀರಿನ ಕಣ ಕಣ್ಣಿಗೆ ಕಾಣಲ್ಲ ಕಣೇ. ಶುದ್ಧ ಲೋಹ ಸಿಕ್ರೆ ಅದನ್ನ ಹಿಡ್ಕೊಂಡು, ಪಕ್ಕದ ಕಣದ ಕೈನೂ ಹಿಡ್ಕೊಂಡು ಸಾಲಾಗಿ ಕೂರುತ್ತೆ. ನಡುವೆ ಎಣ್ಣೆ ಬಂತೋ, ಲೋಹ ಬಿಟ್ಟು ತಮ್ಮತಮ್ಮಲ್ಲೇ ಗುಂಪು ಕಟ್ಟುತ್ತವೆ."

"ನಿಮ್ಮ ಅಕ್ಕತಂಗಿಯರ ಥರ ಅನ್ನಿ," ಎಂದೆ. ನಕ್ಕರು.

ಒಂದು ಚಳಿಗಾಲ ನನ್ನ ಕೈ ಒಡೆದು ರಕ್ತ ಬರುತ್ತಿತ್ತು. ಗ್ಲೌಸು ಉಜ್ಜಿ ಉರಿಯುತ್ತಿತ್ತು. ಗ್ಲೌಸು ತೆಗೆದೆ, ಕೈಗೆ ಎಣ್ಣೆ ಸವರಿಕೊಂಡೆ, ಅವರು ನೋಡಿ ಕೊಟ್ಟ ನಲ್ಲಿಗಳನ್ನು ಅದೇ ಕೈಯಲ್ಲಿ ಸಿಕ್ಕಿಸಿದೆ. ಮಾಡಬಾರದೆಂದು ಗೊತ್ತಿತ್ತು. ಎರಡು ದಿನ ಮಾಡಿದೆ.

ತಿಂಗಳಾದ ಮೇಲೆ ನಲ್ಲಿಗಳು ವಾಪಸು ಬಂದವು. ನಿಕ್ಕಲ್ ಬೆರಳ ತುದಿಯಷ್ಟಗಲ ಅಲ್ಲಲ್ಲಿ ಎದ್ದು ಬಂದಿತ್ತು. ಇವರು ಒಂದನ್ನು ತೆಗೆದುಕೊಂಡು ಆ ಗುರುತುಗಳ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಅವರ ಬೆರಳು ದಪ್ಪ, ಗುರುತು ಸಣ್ಣದು. ನನ್ನ ಕಡೆ ತಿರುಗಲಿಲ್ಲ.

"ನಾನೇ ಸರಿಯಾಗಿ ನೋಡಿಲ್ಲ," ಎಂದರು ಮೇಸ್ತ್ರಿಗೆ.

ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ನೀರು ನೋಡುವುದು ಬೇರೆಯವರ ಪಾಲಾಯಿತು. ಇವರು ಆರು ವರ್ಷ ಪೆಟ್ಟಿಗೆ ಹೊತ್ತರು. ಡಾಕ್ಟ್ರೆಂದು ಮತ್ತೆ ಯಾರೂ ಕರೆಯಲಿಲ್ಲ. ಮನೆಯಲ್ಲಿ ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ತಿಂಗಳು ಎದೆನೋವು ಬಂದು ತೀರಿಕೊಂಡರು. ಮೇಸ್ತ್ರಿ ಮನೆಗೆ ಬಂದಿದ್ದರು. "ಒಳ್ಳೆ ಕೆಲಸಗಾರ. ಅದೊಂದ್ಸಲ ಕಣ್ಣು ಕೈಕೊಡ್ತು, ಅಷ್ಟೇ," ಎಂದರು, ಮಗಳ ಎದುರಿಗೇ. ನಾನು ಹೂಂ ಎಂದೆ. ಮನುಷ್ಯ ಸತ್ತ ಮೇಲೂ ಹೂಂ ಎಂದೆ.

ಮೇಸ್ತ್ರಿ ಹೊರಟ ಮೇಲೆ ಮಗಳಿಗೆ ಎಲ್ಲ ಹೇಳಿದೆ.

"ಅಪ್ಪಂಗೆ ಹೇಳಿದ್ಯಾ?"

"ಇಲ್ಲ."

"ಒಂದ್ಸಲನೂ?"

"ಇಲ್ಲ ಕಣೇ."

ಎದ್ದು ಒಳಗೆ ಹೋದಳು.

ಮೇಸ್ತ್ರಿಗೂ ಹೇಳಬೇಕೆಂದು ಕಾರ್ಖಾನೆ ಗೇಟಿನವರೆಗೆ ಎರಡು ಸಲ ಹೋದೆ. ಎರಡನೆಯ ಸಲ ಕಾವಲಿನವನು, "ಯಾರು ಬೇಕಿತ್ತಮ್ಮ?" ಎಂದು ಕೇಳಿದ. ಯಾರೂ ಬೇಡ ಎಂದು ತಿರುಗಿ ಬಂದೆ.