ನರ್ಸಬಾಯಿಯ ಪರವಾಗಿ ಹೇಳಿದ ಸಾಕ್ಷಿ

ಮೊನ್ನೆ ಮೊಮ್ಮಗಳು ಕೇಕಿನ ಮೇಲಿನ ಮೇಣದಬತ್ತಿ ಊದಿದಳು. ಆರಿದ ಬತ್ತಿಯ ಹೊಗೆ ಮೂಗಿಗೆ ಬಡಿದದ್ದೇ ನಾನು ಎದ್ದು ಹಿತ್ತಲಿಗೆ ಹೋದೆ. ಹಾನಗಲ್ಲಿನಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡಿದ್ದ ನರ್ಸಬಾಯಿಯ ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಇದೇ ವಾಸನೆ...

ಆಕೆ ಕ್ರಿಶ್ಚಿಯನ್. ಗಂಡ ಎಂಟು ತಿಂಗಳು ಇದ್ದು ಬಿಟ್ಟುಹೋದ. ಕೋರ್ಟಿನಲ್ಲಿ ವಿಚ್ಛೇದನವಾಯಿತು. ಆದರೆ ಅವರ ಧರ್ಮಕ್ಕೆ ಅದು ಸಾಲದು. ಆ ಮದುವೆ ಮೊದಲ ದಿನದಿಂದಲೇ ಮದುವೆಯಾಗಿರಲಿಲ್ಲ ಎಂದು ಚರ್ಚಿನವರು ವಿಚಾರಣೆ ಮಾಡಿ ಹೇಳಿದರೆ ಮಾತ್ರ ಇನ್ನೊಂದು ಮದುವೆ. ಇದು ನನಗೆ ತಿಳಿದದ್ದು ಆಮೇಲೆ. ಶಿಗ್ಗಾಂವಿಯ ಮಾಸ್ತರನೊಬ್ಬ, ಹೆಂಡತಿ ತೀರಿಕೊಂಡವನು, ಆಕೆಗಾಗಿ ಕಾಯುತ್ತಿದ್ದ.

ಸಾಕ್ಷಿಗೆ ನನ್ನ ಹೆಸರು ಕೊಟ್ಟಳು. ಮದುವೆಯಾದ ವಾರದಲ್ಲೇ ಗಂಡ ಅಂಗಳದಲ್ಲಿ ನಿಂತು, "ನಮ್ಮಪ್ಪ ವಿಷಾ ಕುಡೀತೇನಿ ಅಂದಿದ್ದಕ್ಕ ನಿನಗ ಉಂಗುರ ಹಾಕೇನಿ. ನೀ ನನ್ನ ಹೇಂತಿ ಅಲ್ಲ," ಎಂದದ್ದನ್ನು ಕೇಳಿದವಳು ನಾನೊಬ್ಬಳೇ. ಇದ್ದದ್ದನ್ನು ಇದ್ದಂಗೆ ಹೇಳಿದರೆ ಸಾಕು ಎಂದಿದ್ದಳು.

ಪಾದ್ರಿ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ಗಂಡಹೆಂಡತಿ ಹೇಗಿದ್ದರು ಎಂದು ಕೇಳಿದರು. ನಮ್ಮಲ್ಲಿ ಎರಡನೇ ಸಂಬಂಧದ ಮಾತು ನಡೆದಾಗ ಯಾರಾದರೂ ವಿಚಾರಿಸಲು ಬಂದರೆ, ಹುಡುಗಿಗೆ ಬಾಳುವೆ ಮಾಡಲು ಬರಲಿಲ್ಲ ಎನ್ನಿಸುವ ಮಾತು ಬಾಯಿಂದ ಬೀಳಬಾರದು.

"ಭಾಳ ಚೊಲೊ ಬಾಳುವೆ ಮಾಡಿದ್ಲರಿ. ಒಂದ ದಿನಾ ಜಗಳ ಕೇಳಿಲ್ಲ ನಾವು," ಎಂದೆ.

ಒತ್ತಾಯದ ಮದುವೆಯೇ ಎಂದು ಎರಡೆರಡು ಸಲ ಕೇಳಿದರು. ಇಲ್ಲ, ಇಬ್ಬರೂ ಮನಸಾರೆ ಒಪ್ಪಿದ್ದರು ಎಂದು ದೇವರಾಣೆ ಮಾಡಿ ಸಹಿ ಹಾಕಿದೆ. ಪುಣ್ಯದ ಕೆಲಸ ಮಾಡಿದೆನೆಂದು ಅವರಿಗೆ ಚಹಾ ಕೊಟ್ಟೆ.

ಎರಡು ವರ್ಷಕ್ಕೆ ಉತ್ತರ ಬಂತು: ಆ ಮದುವೆ ಮದುವೆಯೇ. ರಜಿಸ್ಟರ್ ಮದುವೆ ಆಗೋಣ ಎಂದನಂತೆ ಮಾಸ್ತರ. ಹಾಗೆ ಮದುವೆಯಾದವರಿಗೆ ಚರ್ಚಿನಲ್ಲಿ ಪ್ರಸಾದ ಕೊಡುವುದಿಲ್ಲ; ಎಲ್ಲರೂ ಪ್ರಸಾದಕ್ಕೆ ಎದ್ದಾಗ ತಾನೊಬ್ಬಳೇ ಹಿಂದೆ ಕೂಡಲಾರೆ ಎಂದಳಂತೆ ಈಕೆ. ಅವನು ಬೇರೆಯವಳನ್ನು ಮಾಡಿಕೊಂಡ.

ನನ್ನ ಸಾಕ್ಷಿಯನ್ನು ಆಕೆ ಓದಿದ್ದಳು. ಹೊಸ್ತಿಲಲ್ಲಿ ಬಂದು ನಿಂತಳು. ಬೈಯಲಿಲ್ಲ.

"ಅಕ್ಕಾರ, ನನ್ನ ಮರ್ಯಾದಿ ಉಳಿಸಿದ್ರಿ."

ಅಷ್ಟೇ. ಹಿರೇಕೆರೂರಿಗೆ ವರ್ಗ ಮಾಡಿಸಿಕೊಂಡು ಹೋದಳು. ಆ ಖಾಲಿ ಅಂಗಳದಿಂದ ಆಕೆಯ ಗಂಡನ ಆ ಮಾತು ಮಾತ್ರ ನನಗೆ ವರ್ಷಗಟ್ಟಲೆ ಕೇಳಿಸಿತು... ಹೇಳಬೇಕಾದವರಿಗೆ ನಾನು ಹೇಳದ ಮಾತು.

ಹುಟ್ಟುಹಬ್ಬದ ಮರುದಿನ ಬಸ್ಸು ಹತ್ತಿ ಹಾನಗಲ್ಲಿನ ಚರ್ಚಿಗೆ ಹೋದೆ. ಈಗಿನ ಪಾದ್ರಿಗೆ ನನ್ನ ಮೊಮ್ಮಗನ ವಯಸ್ಸು. ಒಂದಕ್ಷರ ಬಿಡದೆ ಹೇಳಿದೆ. ಕಳೆದ ವರ್ಷವೇ ಆಕೆ ತೀರಿಕೊಂಡಳು, ಈಗ ಹೇಳಿ ಏನಾಗಬೇಕು ಅಜ್ಜಿ ಎಂದು ಅವರು ಮೆತ್ತಗೆ ಕೇಳಿದರು.

"ಏನೂ ಆಗೂದಿಲ್ಲರಿ. ಆದರೂ ಬರಕೋರಿ," ಎಂದೆ.

ಅವರು ಪೆನ್ನು ತೆಗೆಯಲಿಲ್ಲ. ನಾನೂ ಏಳಲಿಲ್ಲ.