ಎಣ್ಣೆ ಶೀಸೆಯ ಮೇಲಿನ ಗೆರೆ

ನಮ್ಮ ಮನೆಯಲ್ಲಿ ಅಕ್ಕ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ತಿಂಗಳ ಮೇಲಾಗಿತ್ತು. ಅದು ನನಗೆ ಗೊತ್ತಾಗಲಿಲ್ಲ. ಎಣ್ಣೆ ಕಡಿಮೆ ಖರ್ಚಾಗಿದೆ ಎಂಬುದು ಮಾತ್ರ ಗೊತ್ತಾಯಿತು. ಇವೆರಡೂ ಒಂದೇ ಸಂಗತಿ ಎಂದು ತಿಳಿಯಲು ಬೇರೆಯವರು ಹೇಳಬೇಕಾಯಿತು. ತಿಳಿದ ಮೇಲೂ ಎಷ್ಟೋ ದಿನ ಅವಳ ಎದುರು ನಿಂತು ಒಂದು ಮಾತು ಆಡಲಿಲ್ಲ. ನಾನು ಮಾಡದೆ ಬಿಟ್ಟದ್ದು ಇಷ್ಟೇ. ಓದಿದವರಾದರೆ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದರು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ವಲ್ಪ ಸುತ್ತಿಯೇ ಬರಬೇಕು.

ನಾನಿರುವುದು ದೆಹಲಿಯ ಪಕ್ಕದ ಫರೀದಾಬಾದಿನಲ್ಲಿ. ನಟ್ಟು ಬೋಲ್ಟು ಮಾಡುವ ಕಾರ್ಖಾನೆಯೊಂದಕ್ಕೆ ಹೆಲ್ಪರಾಗಿ ಸೇರಿ, ಈಗ ಮಾಲು ಪರೀಕ್ಷೆ ಮಾಡುವ ಮೇಜಿಗೆ ಬಂದಿದ್ದೇನೆ. ಬೋಲ್ಟು ಎತ್ತಿಕೊಳ್ಳುವುದು, ಅಳೆಯುವುದು, ಈ ಟ್ರೇಗೋ ಆ ಟ್ರೇಗೋ ಹಾಕುವುದು. ಇಡೀ ದಿನ ಅಳೆಯುವವನಿಗೆ ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುವುದಿಲ್ಲ. ಹೆಂಡತಿ ಗಿರಿಜಾ ತಟ್ಟೆಗೆ ಚಪಾತಿ ಹಾಕಿದರೆ ನನ್ನ ನೋಟ ಅದರ ಅಂಚಿನ ದಪ್ಪಕ್ಕೆ ಹೋಗುತ್ತದೆ. "ಅದನ್ನ ತಿನ್ನಿ, ಪಾಸ್ ಮಾಡ್ಬೇಡಿ" ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ.

ನಮ್ಮದು ಉಳಿಸುವ ಮನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಬದಲಿಗೆ ಸ್ವಲ್ಪ ಜಂಬವೇ ಇತ್ತು. ಸವೆದ ಸೋಪಿನ ಚೂರು ಹೊಸ ಸೋಪಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಟೂತ್‌ಪೇಸ್ಟಿನ ಟ್ಯೂಬನ್ನು ಮೊದಲು ಕೈಯಲ್ಲಿ, ಆಮೇಲೆ ಲಟ್ಟಣಿಗೆಯಲ್ಲಿ ಒತ್ತಿ, ಕೊನೆಗೆ ಕತ್ತರಿಯಿಂದ ಸೀಳಿ ಒಳಗಿನದನ್ನು ಬ್ರಷ್ಷಿನಿಂದಲೇ ಬಳಿದುಕೊಳ್ಳುತ್ತೇವೆ. ಖಾಲಿಯಾಯಿತು ಎಂದು ಶಾಂಪೂ ಬಾಟಲಿ ತಾನೇ ಒಪ್ಪಿಕೊಂಡ ಮೇಲೂ ನೀರು ಹಾಕಿ ಕುಲುಕಿದರೆ ಇನ್ನೂ ಕೆಲವು ಸ್ನಾನಗಳು ಅದರಿಂದ ಬರುತ್ತವೆ. ಒಂದು ಸಲ ಕರೋಲ್ ಬಾಗಿನಲ್ಲಿ ಸೋಪು ಸಗಟು ದರಕ್ಕೆ ಸಿಗುತ್ತದೆಂದು ಕೇಳಿ ಮೆಟ್ರೋ ಹತ್ತಿ ಹೋದೆ. ಇಳಿದಾಗ ಬಿಸಿಲು, ಸೈಕಲ್ ರಿಕ್ಷಾ ಮಾಡಿದೆ. ಅಂಗಡಿ ಸಿಗುವ ಹೊತ್ತಿಗೆ ಹಸಿವಾಗಿತ್ತು. ಛೋಲೆ ಭಟೂರೆ ತಿಂದೆ. ಮನೆಗೆ ಬಂದು ಕೂಡಿ ಕಳೆದರೆ ಆ ಸೋಪು ನಮ್ಮ ಬೀದಿಯ ಸೋಪಿಗಿಂತ ದುಬಾರಿಯಾಗಿತ್ತು. ಭಟೂರೆಯನ್ನು ಸೋಪಿನ ಲೆಕ್ಕಕ್ಕೆ ಹಾಕಬೇಕೋ ಊಟದ ಲೆಕ್ಕಕ್ಕೋ ಎಂಬ ಬಗ್ಗೆ ನನಗೂ ಗಿರಿಜಾಳಿಗೂ ಇಂದಿಗೂ ಒಮ್ಮತವಿಲ್ಲ.

ಹೀಗೆ ಉಳಿಸುತ್ತಿದ್ದೆವೇ ಹೊರತು ಅಳೆದಿರಲಿಲ್ಲ. ಅಳೆಯುವ ಹುಚ್ಚು ಹತ್ತಿಸಿದ್ದು ದೆಹಲಿಯ ಕಿದ್ವಾಯಿ ನಗರದ ರಾಯರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಅಲ್ಲಿಯೇ ಕ್ವಾರ್ಟರ್ಸು. ದಸರೆಗೆ ನಾವು ಕನ್ನಡದ ನಾಲ್ಕಾರು ಮನೆಯವರು ಅವರಲ್ಲಿ ಸೇರುತ್ತೇವೆ. ನಾನು ಟ್ಯೂಬು ಸೀಳುವ ವಿದ್ಯೆಯನ್ನು ವಿವರಿಸುತ್ತಿದ್ದಾಗ ರಾಯರು ಕೋಸಂಬರಿ ತಿನ್ನುತ್ತಾ ಕೇಳಿದರು: "ಅಚ್ಛಾ, ಎಲ್ಲಾ ಸರಿ ಶಿವಣ್ಣ, ತಿಂಗಳಿಗೆ ಉಳಿಯೋದು ಎಷ್ಟು?" ನಾನು ಬೆರಳು ಮಡಿಸಿ ಎಣಿಸತೊಡಗಿದೆ. "ಅಳೆಯೋದೇ ಕೆಲಸ ನಿನ್ನದು, ಇಷ್ಟೂ ಗೊತ್ತಿಲ್ವಾ ಮಾರಾಯ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಒತ್ತಿತು.

ನೀವೇ ಯೋಚಿಸಿ ನೋಡಿ. ಖರ್ಚನ್ನು ಅಳೆಯುವುದು ಸುಲಭ. ಉಳಿತಾಯವೆಂದರೆ ಆಗದೆ ಹೋದ ಖರ್ಚು. ಆಗದೆ ಹೋದದ್ದನ್ನು ಯಾವ ತಕ್ಕಡಿಯಲ್ಲಿಡುವುದು? ದೊಡ್ಡ ಅಂಗಡಿಯ ಬಿಲ್ಲಿನ ಕೆಳಗೆ ಇಂದು ನೀವು ಇಷ್ಟು ಉಳಿಸಿದ್ದೀರಿ ಎಂದು ಅಚ್ಚಾಗಿರುತ್ತದೆ. ಆ ದುಡ್ಡು ಯಾವ ಜೇಬಿನಲ್ಲಿದೆ ಎಂದು ನಾನು ಹುಡುಕಿದ್ದೇನೆ, ಸಿಕ್ಕಿಲ್ಲ. ಒಂದು ಕೊಂಡರೆ ಒಂದು ಉಚಿತವೆಂದು ತಂದ ಫಿನಾಯಿಲಿನಿಂದ ನಮ್ಮ ಬಚ್ಚಲು ಒಂದು ಕಾಲಕ್ಕೆ ಆಸ್ಪತ್ರೆಯ ಹಾಗೆ ನಾರುತ್ತಿತ್ತು. ಕೊನೆಗೆ ನನಗೆ ತೋಚಿದ ದಾರಿ ಕಾರ್ಖಾನೆಯದು. ನಮ್ಮಲ್ಲಿ ಮಷಿನ್ನಿಗೆ ಹಾಕುವ ಎಣ್ಣೆಯ ಡ್ರಮ್ಮಿಗೆ ಪ್ರತಿ ಶಿಫ್ಟ್ ಶುರುವಾಗುವಾಗ ಗೆರೆ ಎಳೆಯುತ್ತಾರೆ. ಶಿಫ್ಟ್ ಮುಗಿದಾಗ ಎಣ್ಣೆ ಎಷ್ಟು ಇಳಿದಿದೆಯೋ ಅದು ಆ ಶಿಫ್ಟಿನ ಖರ್ಚು. ಯಾರೂ ಬೇಸರಪಡುವುದಿಲ್ಲ, ಅದು ಡ್ರಮ್ಮಿನ ಗೆರೆ, ಮನುಷ್ಯರದ್ದಲ್ಲ. ಹಾಗೆಯೇ ನಾನು ಕಪ್ಪು ಮಾರ್ಕರ್ ತಂದು ಮನೆಯ ಬಾಟಲಿಗಳಿಗೆ ಗೆರೆ ಎಳೆದೆ. ತಲೆಗೆ ಹಚ್ಚುವ ಎಣ್ಣೆಗೆ, ಅಡುಗೆ ಎಣ್ಣೆಗೆ, ಶಾಂಪೂವಿಗೆ, ಪಾತ್ರೆ ತೊಳೆಯುವ ಸೋಪುನೀರಿಗೆ.

ರಾಯರು ಕೇಳಿದ್ದು ದಸರೆಯಲ್ಲಿ. ನಾನು ಗೆರೆ ಎಳೆದದ್ದು ದೀಪಾವಳಿ ಕಳೆದ ಮೇಲೆ. ನಡುವೆ ಅಕ್ಕ ಬಂದಿದ್ದಳು.

ಸರೋಜಕ್ಕ ನನಗಿಂತ ದೊಡ್ಡವಳು, ಮದುವೆಯಾದವಳಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೊಬ್ಬರಿ ಬೇರ್ಪಡಿಸುವ ಕೆಲಸ ಮಾಡಿ ಮಾಡಿ ಅವಳ ಮಂಡಿ ಹೋಗಿತ್ತು. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸೋಣ ಬಾ ಎಂದು ಫೋನ್ ಮಾಡಿ ಕರೆಸಿಕೊಂಡವನು ನಾನೇ. ಬರುವುದಿಲ್ಲ ಎಂದಳು. ಬರಲೇಬೇಕು ಎಂದೆ. ಸಂಕ್ರಾಂತಿ ಕಳೆದ ಮೇಲಕ್ಕೆ ಡೇಟು ಸಿಕ್ಕಿತು. ಅಲ್ಲಿಯವರೆಗೆ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಾ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಇರುವುದೆಂದಾಯಿತು.

ನಾವು ಬೆಳೆದದ್ದು ತೆಂಗಿನ ಸೀಮೆಯಲ್ಲಿ. ನಮಗೆ ಸ್ವಂತ ಮರ ಒಂದೂ ಇರಲಿಲ್ಲ. ಆದರೂ ಅಮ್ಮನಿಗೆ ಕೂಲಿಯ ಜೊತೆ ಒಡಕು ಕೊಬ್ಬರಿ ಸಿಗುತ್ತಿತ್ತು, ಗಾಣಕ್ಕೆ ಹಾಕಿಸುತ್ತಿದ್ದಳು. ಊಟಕ್ಕೆ ಕೊರತೆಯಾದ ದಿನವೂ ಎಣ್ಣೆಗೆ ಕೊರತೆಯಿರಲಿಲ್ಲ. ಅಕ್ಕ ಎಣ್ಣೆ ಹಚ್ಚುವುದೆಂದರೆ ಅಂಗೈ ತುಂಬ ಸುರಿದುಕೊಂಡು ನೆತ್ತಿಗೆ ತಟ್ಟುವುದು, ಮಿಕ್ಕದ್ದನ್ನು ಮೊಣಕಾಲಿಗೆ, ಅದರಲ್ಲೂ ಮಿಕ್ಕದ್ದನ್ನು ಹತ್ತಿರ ಇದ್ದವರ ತಲೆಗೆ. ಬಂದ ವಾರವೇ ನನ್ನ ಮಗಳು ಕಾವ್ಯಾಳನ್ನು ಹಿಡಿದು ಕೂರಿಸಿದ್ದಳು. "ಅತ್ತೇ ಪ್ಲೀಸ್, ಕಾಲೇಜ್ ಮೇ ಸಬ್ ಚಂಪೂ ಬೋಲೇಂಗೇ!" ಎಂದು, ಎಣ್ಣೆತಲೆಯವಳೆಂದು ಕಾಲೇಜಿನಲ್ಲಿ ಎಲ್ಲರೂ ಹಂಗಿಸುತ್ತಾರೆಂದು, ಅವಳು ಚೀರುತ್ತಿದ್ದರೂ ಅಕ್ಕ ಬಿಡಲಿಲ್ಲ.

ಇಲ್ಲಿ ಫರೀದಾಬಾದಿನಲ್ಲಿ ಚಳಿಗಾಲಕ್ಕೆ ಕೊಬ್ಬರಿ ಎಣ್ಣೆ ಶೀಸೆಯಲ್ಲೇ ಕಲ್ಲಾಗುತ್ತದೆ. ಅಳೆಯುವವನಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ. ಶೀಸೆ ಓರೆ ಮಾಡಿದರೂ ಮಟ್ಟ ಅಲುಗುವುದಿಲ್ಲ. ಮೊದಲ ವಾರ ಎಣ್ಣೆ ಗೆರೆಯಿಂದ ಸರಸರನೆ ಇಳಿಯಿತು. ಆಮೇಲೆ ನಿಧಾನವಾಯಿತು. ಡಿಸೆಂಬರಿನಲ್ಲಿ ಹೆಚ್ಚು ಕಡಿಮೆ ನಿಂತೇಬಿಟ್ಟಿತು. ಶಾಂಪೂವಿನ ಇಳಿತವೂ ಕಡಿಮೆಯಾಯಿತು. ನನಗೆ ಹಿಗ್ಗು. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿದೆ: "ಮನೇಲಿ ಒಬ್ಬರು ಜಾಸ್ತಿಯಾದ್ರೂ ಖರ್ಚು ಕಮ್ಮಿಯಾಗಿದೆ. ಇದಕ್ಕೆ ಮ್ಯಾನೇಜ್‌ಮೆಂಟ್ ಅಂತಾರೆ." ಗಿರಿಜಾ ನನ್ನನ್ನೇ ನೋಡಿದಳು. ಅಕ್ಕ ಅನ್ನ ಕಲಸುತ್ತಾ, "ಒಳ್ಳೇದಾಯ್ತು ಕಣೋ" ಎಂದಳು. ಅವಳ ಕೂದಲು ಒಣಗಿ ತೆಂಗಿನ ನಾರಿನ ಹಾಗೆ ಎದ್ದು ನಿಂತಿತ್ತು. ಅದು ನನ್ನ ಕಣ್ಣೆದುರೇ ಇತ್ತು. ನಾನು ಶೀಸೆ ನೋಡುವವನು, ತಲೆ ನೋಡಲಿಲ್ಲ.

ಮರುದಿನ ಕೆಳಗಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಭಯ್ಯಾ ಬಾಯಿಬಡುಕ, ಸಾಮಾನಿನ ಜೊತೆ ಒಂದು ಮಾತನ್ನೂ ಕಟ್ಟಿಕೊಡುತ್ತಾನೆ.

"ಭಾಯಿಸಾಬ್, ಆಪ್ ತೋ ಬಡಾ ಪ್ಯಾಕ್ ಲೇತೇ ಹೋ. ದೀದಿ ಕೋ ಪೌಚ್ ಪೇ ರಖಾ ಹೈ?"

ನೀವು ದೊಡ್ಡ ಪ್ಯಾಕು ಒಯ್ಯುತ್ತೀರಿ, ಅಕ್ಕನನ್ನು ಪೌಚಿನ ಮೇಲೆ ಇಟ್ಟಿದ್ದೀರಾ ಎಂಬ ಕುಚೋದ್ಯ. ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಅಕ್ಕ ಶಾಂಪೂವಿನದೊಂದು ಎಣ್ಣೆಯದೊಂದು ಚಿಕ್ಕ ಪೌಚು ಕೊಳ್ಳಲು ಗೋಡೆ ಹಿಡಿದು ಮೆಟ್ಟಿಲಿಳಿದು ಬರುತ್ತಾಳೆ, ಅಲ್ಲಿಯೇ ಸ್ಟೂಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾಳೆ. ಎಣ್ಣೆ ಮಂಡಿಗೇ ಸಾಲುವುದಿಲ್ಲ, ತಲೆಗೆಲ್ಲಿ ಬಂತು ಎಂದು ನಗುತ್ತಾಳಂತೆ. ನಮ್ಮ ಮೆಟ್ಟಿಲು ಕಡಿದಾದದ್ದು. ಸಿಲಿಂಡರಿನವನೂ ಗೊಣಗಿಕೊಂಡೇ ಹತ್ತುತ್ತಾನೆ.

ಮನೆಗೆ ಬಂದು ಕಾವ್ಯಾಳನ್ನು ಕೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. "ಪಪ್ಪಾ, ಲೈನ್ ನೋಡಿ ಅತ್ತೆ ನನ್ನ ಪೂಛಾ, ಇದು ಯಾಕೆ ಅಂತ. ನಾನ್ ಹೇಳ್ದೆ, ಪಪ್ಪಾ ಚೆಕ್ ಮಾಡ್ತಾರೆ, ಕೌನ್ ಕಿತ್ನಾ ಯೂಸ್ ಕರ್ತಾ ಹೈ. ಜೋಕ್ ಮಾಡಿದ್ದು ಪಪ್ಪಾ. ಅತ್ತೆ ನಗಲಿಲ್ಲ."

ಯಾರು ಎಷ್ಟು ಬಳಸುತ್ತಾರೆ. ಮಗಳು ತಮಾಷೆಗೆ ಆಡಿದ್ದು ಸರಿಯಾಗಿ ನನ್ನ ಮರ್ಮಕ್ಕೇ ತಾಗಿತ್ತು.

ಆಗಲೇ ಹೋಗಿ ಹೇಳಿಬಿಟ್ಟಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ನಾನು ಮಾಡಿದ್ದೇ ಬೇರೆ. ಗೆರೆಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಅಂಗಡಿಯಲ್ಲಿದ್ದ ಅತಿ ದೊಡ್ಡ ಎಣ್ಣೆ ಶೀಸೆ ತಂದು ಅಕ್ಕನ ಮಂಚದ ಪಕ್ಕದಲ್ಲಿಟ್ಟೆ. ನಮ್ಮ ಮನೆತನದಲ್ಲಿ ಕ್ಷಮೆ ಕೇಳುವ ಕ್ರಮವೇ ಇದು. ಅಪ್ಪ ಅಮ್ಮನೊಂದಿಗೆ ಜಗಳವಾಡಿದ ಮರುದಿನ ಬಾಯಿ ಬಿಡದೆ ಖಾರಸೇವೆಯ ಪೊಟ್ಟಣ ತರುತ್ತಿದ್ದ, ಅಮ್ಮ ಬಾಯಿ ಬಿಡದೆ ತಿನ್ನುತ್ತಿದ್ದಳು. ಅಕ್ಕ ಆ ಶೀಸೆಯ ಮುಚ್ಚಳ ತೆರೆಯಲಿಲ್ಲ. ಮೂರ್ನಾಲ್ಕು ದಿನ ಬಿಟ್ಟು, "ಶಿವೂ, ಊರಿಗೊಂದು ಟಿಕೆಟ್ ಮಾಡ್ಸಪ್ಪ" ಎಂದಳು.

"ಡೇಟ್ ಬರ್ತಾ ಇದೆಯಲ್ಲಕ್ಕ!"

"ಬರ್ಲಿ ಬಿಡು. ನೋವು ಈಗ ವಾಸಿ."

ವಾಸಿಯಾಗಿರಲಿಲ್ಲ. ಬಚ್ಚಲಿಗೆ ಹೋಗುವಾಗ ಅವಳು ಬಾಗಿಲು, ಫ್ರಿಜ್ಜು, ಕುರ್ಚಿ ಎಂದು ಒಂದೊಂದನ್ನೇ ಹಿಡಿದು ಹೋಗುವುದು ಕಾಣುತ್ತಿತ್ತು. ಈ ಡೇಟು ಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೋ ಯಾರಿಗೂ ತಿಳಿಯದು. ನಾನು ಟಿಕೆಟ್ ಸಿಗುತ್ತಿಲ್ಲ ಎಂದು ಸುಳ್ಳು ಹೇಳುತ್ತಾ ದಿನ ದೂಡಿದೆ. ಗಿರಿಜಾ ಒಂದೇ ಮಾತು ಹೇಳಿದಳು: "ಕಾರ್ಖಾನೇಲಿ ಎಷ್ಟು ಜನಕ್ಕೆ ಸಾರಿ ಅಂತೀರಿ, ಅವಳಿಗೆ ಅನ್ನೋಕೆ ಏನು ಕಷ್ಟ?"

ಕಷ್ಟವಿತ್ತು. ಸಾರಿ ಎನ್ನುವುದು ಯಾರ ಕಾಲನ್ನಾದರೂ ತುಳಿದಾಗ ತಂತಾನೇ ಬಾಯಿಗೆ ಬರುವ ಮಾತು. ಕ್ಷಮಿಸು ಎಂದರೆ ನಾಟಕದ ಸ್ಟೇಜ್ ಹತ್ತಿದಂತಾಗುತ್ತದೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಯಾವುದಕ್ಕೆ ಕ್ಷಮೆ ಕೇಳುತ್ತಿದ್ದೇನೆಂದು ಮೊದಲು ನಾನೇ ಒಪ್ಪಿಕೊಳ್ಳಬೇಕಿತ್ತು. ಮೇಜಿನ ಮುಂದೆ ಕೂತು ಅದನ್ನೇ ಯೋಚಿಸುತ್ತಿದ್ದೆ. ನಾನು ಅಳೆಯುವ ಬೋಲ್ಟಿಗೂ ಒಂದು ಕೂದಲೆಳೆಯಷ್ಟು ಹೆಚ್ಚು, ಒಂದು ಕೂದಲೆಳೆಯಷ್ಟು ಕಡಿಮೆ ಇರಲು ಅನುಮತಿಯಿದೆ. ಅಷ್ಟು ಸಡಿಲ ಬಿಡದಿದ್ದರೆ ಜಗತ್ತಿನಲ್ಲಿ ಯಾವ ಬೋಲ್ಟೂ ಯಾವ ನಟ್ಟಿನೊಳಗೂ ಹೋಗುವುದಿಲ್ಲ. ಕಬ್ಬಿಣಕ್ಕೆ ಕೊಟ್ಟಷ್ಟನ್ನೂ ನಾನು ಅಕ್ಕನಿಗೆ ಕೊಟ್ಟಿರಲಿಲ್ಲ.

ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಅಕ್ಕ, ಹೊಸ ಮಂಡಿಯನ್ನು ಇನ್ನಷ್ಟು ಮಡಿಸಿ ಎನ್ನುವ ವ್ಯಾಯಾಮದ ಹುಡುಗಿಗೆ ತನ್ನದೇ ಹಿಂದಿಯಲ್ಲಿ ಬಯ್ಯುತ್ತಿದ್ದಾಳೆ. ಹಾಗಾಗಿ ಅವಳು ಊರಿಗೆ ಹೋದಳೇನೋ ಎಂದು ನೀವು ಕಳವಳಪಡುವುದು ಬೇಡ. ನಾನು ಬಾಯಿ ತೆರೆದದ್ದು ಸಂಕ್ರಾಂತಿಯ ಹಿಂದಿನ ದಿನ, ಮೇಲಿನ ಛತ್ತಿನಲ್ಲಿ, ಎಂದರೆ ತಾರಸಿಯಲ್ಲಿ. ಚಳಿಗಾಲದ ಮಧ್ಯಾಹ್ನ ಇಡೀ ಕಟ್ಟಡದ ಹೆಂಗಸರು ಬಿಸಿಲಿಗೆ ಮೇಲೆ ಬಂದು ಬಟಾಣಿ ಬಿಡಿಸುತ್ತಾರೆ. ಕಾವ್ಯಾಳ ಹೆಗಲು ಹಿಡಿದು ಮೆಲ್ಲಗೆ ಹತ್ತಿಬಂದ ಅಕ್ಕ ಚಾರ್ಪಾಯಿ ಎನ್ನುವ ಹಗ್ಗದ ಮಂಚದ ಮೇಲೆ ಕಾಲು ಚಾಚಿದ್ದಳು. ಪಕ್ಕದ ಮನೆಯ ಪಂಜಾಬಿ ಆಂಟಿ, "ಆಓ ಭಯ್ಯಾ, ಖಾಲೀ ಕ್ಯೂಂ ಖಡೇ ಹೋ, ಮಟರ್ ಛೀಲೋ" ಎಂದು ನನ್ನ ಮುಂದೆಯೂ ಒಂದು ರಾಶಿ ತಳ್ಳಿದರು. ಕೈಗೆ ಕೆಲಸ ಸಿಕ್ಕಿದ್ದರಿಂದ ಬಾಯಿಗೆ ಸ್ವಲ್ಪ ಧೈರ್ಯ ಬಂತು. ಆಂಟಿಗೆ ಕನ್ನಡ ಬಾರದು ಎಂಬುದೂ ಒಂದು ಅನುಕೂಲ.

"ಅಕ್ಕ, ಆ ಗೆರೆ ನಿಂಗಂತ ಅಲ್ಲ. ಎಲ್ಲಾ ಬಾಟ್ಲಿಗೂ ಎಳೆದಿದ್ದೆ. ಕಾರ್ಖಾನೆ ಅಭ್ಯಾಸ."

"ಗೊತ್ತು ಕಣೋ. ಪಾತ್ರೆ ಸೋಪಿಗೂ ಇತ್ತು, ನೋಡಿದೀನಿ." ಅವಳ ಬೆರಳು ನಿಲ್ಲಲಿಲ್ಲ. "ಅದಕ್ಕೇ ಟಿಕೆಟ್ ಮಾಡ್ಸು ಅಂದಿದ್ದು. ಇಷ್ಟು ಅಳ್ದು ನಡ್ಸೋ ಮನೇಲಿ ನಾನು ಆಪರೇಷನ್ ಮಾಡಿಸ್ಕೊಂಡು ತಿಂಗಳುಗಟ್ಟಲೆ ಮಲಗಿದ್ರೆ, ಪಾಪ, ನಿನ್ನ ಗೆರೆ ಏನಾಗ್ಬೇಡ?"

ಚುಚ್ಚಿ ಆಡಿದ್ದಲ್ಲ. ನನ್ನ ಖರ್ಚಿನ ಬಗ್ಗೆ ಅವಳಿಗೆ ನಿಜವಾಗಿಯೂ ಕನಿಕರವಿತ್ತು. ನಾನು ಈಗ ಹೇಳಿದ ಅರ್ಧ ಸತ್ಯವನ್ನು ಅವಳು ಮೊದಲೇ ಪೂರ್ತಿ ನಂಬಿ, ಅದರ ಮೇಲೆಯೇ ಊರಿಗೆ ಹೊರಟಿದ್ದಳು. ಇನ್ನು ಉಳಿದರ್ಧ ಹೇಳದೆ ಬೇರೆ ದಾರಿಯಿರಲಿಲ್ಲ. ಬಟಾಣಿಯನ್ನು ಕೆಳಗಿಟ್ಟೆ.

"ಇಲ್ಲ ಅಕ್ಕ, ಸುಳ್ಳು ಹೇಳ್ದೆ. ನೀನು ಬಂದ ಮೇಲೇ ಎಳೆದಿದ್ದು. ಮೊದಲು ಎಣ್ಣೆಗೆ ಎಳೆದೆ, ನೀನು ಎಷ್ಟು ಹಚ್ಕೋತೀಯ ನೋಡೋಣ ಅಂತ. ಮಿಕ್ಕಿದ್ದಕ್ಕೆಲ್ಲಾ ಎಳೆದಿದ್ದು ನಿಂಗೆ ಅನುಮಾನ ಬರಬಾರ್ದು ಅಂತ. ಬಾ ಬಾ ಅಂತ ನಾನೇ ಕರೆಸ್ಕೊಂಡು, ನಿನ್ನೇ ಅಳ್ದೆ. ತಪ್ಪಾಯ್ತು ಅಕ್ಕ. ಹೋಗ್ಬೇಡ."