ಮೆಟ್ಟಿಲಿಗೆ ಉಳಿಪೆಟ್ಟು

ಇಂದು ಚಿಂತಾಮಣಿಯ ನಮ್ಮ ಮನೆಗೆ ಬಂದು ಹೋದ ಬಂಧುಮಿತ್ರರಿಗೆ ವಂದನೆಗಳು. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಮೆಟ್ಟಿಲಿಗೆ ಒರಟು ಕಲ್ಲು ಹಾಕಿಸಿ ಎಂದ ಮಗಳೊಡನೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲೆಂಬಂತೆ ವಾದಿಸಿ ಗೆದ್ದು, ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಹಾಕಿಸಿದವನು ನಾನೇ. ಕಳೆದ ತಿಂಗಳು ಅದರ ಮೇಲೆ ಜಾರಿಬಿದ್ದವಳು ಮತ್ತೆ ಏಳಲಿಲ್ಲ.

ಇಂದು ಮಧ್ಯಾಹ್ನ ಅವಳ ನಾಲ್ಕು ವರ್ಷದ ಮಗು ಒದ್ದೆಗಾಲಿನಲ್ಲಿ ಅದೇ ಮೆಟ್ಟಿಲುಗಳನ್ನು ಓಡುತ್ತ ಇಳಿಯಿತು. ಅದು ನೆಲ ಮುಟ್ಟುವವರೆಗೆ ನನಗೆ ಉಸಿರೇ ಬರಲಿಲ್ಲ.

ಬೀದಿಯ ರುಬ್ಬುಗಲ್ಲುಗಳನ್ನು ಉಳಿಯಿಂದ ಕೊಚ್ಚಿ ಒರಟು ಮಾಡಿಕೊಡುವ ನರಸಮ್ಮನನ್ನು ಕೂಡಲೇ ಕರೆಸಿದೆ.

“ಇದಕ್ಕಾ ಸಾಮಿ? ಮುಖ ಕಾಣ್ತೈತಲ್ಲ, ಹೊಡ್ಯಕ್ಕೆ ಮನ್ಸೇ ಬರಲ್ಲ.”

“ಕಾಣೋದು ನನ್ನ ಮುಖ. ಹೊಡಿಯಮ್ಮ.”

ಭಾವಮೈದುನ ಅಡ್ಡ ಬಂದ: “ಭಾವ, ರಬ್ಬರ್ ಮ್ಯಾಟ್ ಹಾಕಣ ಬಿಡಿ. ಇಷ್ಟು ಚೆನ್ನಾಗಿರೋ ಕಲ್ಲನ್ನ ಯಾರಾದ್ರೂ ಕೆಡಿಸ್ತಾರಾ?”

“ಮ್ಯಾಟೂ ಜಾರುತ್ತೆ ಕಣಪ್ಪ.”

ಯಾರನ್ನೂ ಕೇಳದೆ ನಿರ್ಧರಿಸಿದ್ದೇನೆ: ನಾಳೆಯಿಂದ ಹದಿನೆಂಟು ಮೆಟ್ಟಿಲಿಗೂ ಉಳಿಪೆಟ್ಟು ಬೀಳುತ್ತದೆ. ಇನ್ನು ಸಂತಾಪ ಹೇಳಲು ಬರುವವರು ಬಾಗಿಲಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ. ನಮ್ಮ ಮೆಟ್ಟಿಲು ಅಂಗಾಲಿಗೆ ಚುಚ್ಚುತ್ತದೆ.